ಆ ಸೀಟಿನಲ್ಲಿ ಕೂತವರು ಕ್ಷೇಮವಾಗಿದ್ದಾರೆ

ವಿಮಾನದಲ್ಲಿ ನನ್ನ ತಲೆಯ ಮೇಲೆ ಒಬ್ಬರ ಪೆಟ್ಟಿಗೆ ಬಿತ್ತು. ನಡೆದದ್ದು ಅಷ್ಟೇ. ಶಿವ ನನ್ನನ್ನು ಕರೆಯಲಿಲ್ಲ, ಗಾಳಿ ಬಡಿಯಲಿಲ್ಲ, ವಯಸ್ಸಾಗಿ ಬುದ್ಧಿ ಕೆಡಲಿಲ್ಲ. ಈ ಮೂರನ್ನೂ ನನ್ನ ಎದುರಿಗೇ ಹೇಳಿದವರಿದ್ದಾರೆ. ವಿಮಾನದ ಕಂಪನಿಯವರು ನಾಲ್ಕನೆಯ ಮಾತು ಹೇಳಿದರು: ನಿಮ್ಮ ಮೇಲೆ ಏನೂ ಬೀಳಲೇ ಇಲ್ಲ. ಎಲ್ಲರ ಮಾತು ಕೇಳಿ ಕೇಳಿ, ನಾನು ವಿಮಾನ ಹತ್ತಿದ್ದೆನೋ ಇಲ್ಲವೋ ಎಂದು ನನಗೇ ಅನುಮಾನ ಬಂತು. ತಲೆಗೆ ತೂತು ಕೊರೆದದ್ದಕ್ಕಿಂತ ಅದು ಕೆಟ್ಟದ್ದು.

ನಾನು ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವಳು. ಬರೆಯುವುದು ನನ್ನ ಕೆಲಸವಲ್ಲ. ಆದರೆ ಕಲಬುರಗಿಯ ಆಸ್ಪತ್ರೆಯಲ್ಲಿ ನನ್ನ ಪಕ್ಕದ ಮಂಚದಲ್ಲಿ ಚಿಂಚೋಳಿ ಕಡೆಯ ಒಬ್ಬ ಹೆಂಗಸಿದ್ದಳು. ಅವಳ ತಲೆಗೂ ಪಟ್ಟಿ ಕಟ್ಟಿದ್ದರು. ಒಂದು ಮಧ್ಯಾಹ್ನ ಅವಳು ಆ ಕಡೆ ಈ ಕಡೆ ನೋಡಿ, ಮೆಲ್ಲಗೆ ಕೇಳಿದಳು.

"ಯಕ್ಕಾ, ನಿಮಗೂ ಸತ್ತವ್ರು ಕಾಣ್ತಾರೇನ್ರಿ?"

"ಕಾಣ್ತಾರವ್ವ. ನಮ್ಮತ್ತಿ ಬಂದು ಹೋಗ್ತಾಳ."

"ಮಾತಾಡ್ತಾರೇನ್ರಿ?"

"ಇದ್ದಾಗೇ ನನ್ನ ಜೋಡಿ ಮಾತಾಡಿಲ್ಲ ಆಕಿ. ಈಗೇನ್ ಮಾತಾಡ್ತಾಳ?"

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕು ಕಣ್ಣೊರೆಸಿಕೊಂಡು, "ಛಲೋ ಆತ್ರಿ. ನನಗೊಬ್ಬಾಕಿಗೇ ಹಿಂಗ ಅನ್ಕೊಂಡು ಭಾಳ ಹೆದರಿದ್ದೆ" ಎಂದಳು. ಅವಳಂಥವರು ಇನ್ನೂ ಎಲ್ಲೆಲ್ಲಿ ಎಷ್ಟು ಜನ ಬಾಯಿ ಮುಚ್ಚಿಕೊಂಡು ಮಲಗಿದ್ದಾರೋ. ಅವರಿಗಾಗಿ ಬರೆಯುತ್ತಿದ್ದೇನೆ.

ನಮ್ಮದು ಸೇಡಂ. ನನ್ನ ತವರು ಶಹಾಬಾದ್. ಮಗ ಶರಣಪ್ಪ ಇಲ್ಲಿಯ ಸಿಮೆಂಟು ಕಾರ್ಖಾನೆಯಲ್ಲಿದ್ದಾನೆ. ಅಳಿಯನೂ ಅಂಥದೇ ಕೆಲಸದವನು. ಅವನನ್ನು ಛತ್ತೀಸಗಡದ ಕಾರ್ಖಾನೆಗೆ ವರ್ಗ ಮಾಡಿದರು. ಮಗಳ ಎರಡನೆಯ ಹೆರಿಗೆ ಅಲ್ಲಿಯೇ ಆಯಿತು, ಬಾಣಂತನಕ್ಕೆ ನಾನು ಹೋದೆ. ಹೋಗುವಾಗ ವಾಡಿಯಿಂದ ರೈಲು. ಬರುವಾಗ ಅಳಿಯ ಬಿಡಲಿಲ್ಲ. "ಅತ್ತಿ, ಈ ಬಿಸಲಾಗ ರೈಲ್ ಬ್ಯಾಡ್ರಿ, ಒಂದ್ ಸಲ ಇಮಾನದಾಗ ಕುಂತು ನೋಡ್ರಿ" ಎಂದು ರಾಯಪುರದಿಂದ ಹೈದರಾಬಾದಿಗೆ ಟಿಕೇಟು ತೆಗೆಸಿಕೊಟ್ಟ.

ವಿಮಾನ ನಿಲ್ದಾಣದಲ್ಲಿ ಮೈ ಮುಟ್ಟಿ ನೋಡುವ ಪೊಲೀಸು ಹೆಣ್ಣುಮಗಳು ನನ್ನ ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ಬೆರಳಿಂದ ತೋರಿಸಿ, ತೆಗೆದು ತಟ್ಟೆಯಲ್ಲಿ ಇಡು ಎಂದಳು. ನನಗೆ ಬರುವ ಹಿಂದಿ ನಮ್ಮ ಸಂತೆಯ ಹಿಂದಿ. "ಮಣ್ಣಾಗ ಗಯೇ ತೋ ಭೀ ಉತಾರ್ತೇ ನಹೀ" ಎಂದೆ, ಮಣ್ಣಿಗೆ ಹೋದರೂ ತೆಗೆಯುವುದಿಲ್ಲ ಎಂದು. ಅವಳು ನನ್ನ ಮುಖ ನೋಡಿದಳು, ಕೋಲಿನಂಥದೊಂದನ್ನು ಕರಡಿಗೆಯ ಸುತ್ತ ಆಡಿಸಿದಳು, ಬಿಟ್ಟಳು.

ನನ್ನದು ಕಿಟಕಿಯ ಸೀಟು. ಪಕ್ಕದಲ್ಲಿ ಒಬ್ಬ ಗಂಡಸು ಕೂತ. ಅವನ ಹೆಂಡತಿಗೆ ಒಂದು ಸಾಲು ಮುಂದೆ, ಓಡಾಡುವ ದಾರಿಯ ಬದಿಗೆ ಸೀಟು ಬಂದಿತ್ತು. ಹೊಸ ಜೋಡಿ, ಅವಳ ಕೈಯ ಗೋರಂಟಿ ಇನ್ನೂ ಮಾಸಿರಲಿಲ್ಲ. ಅವಳು ಎದ್ದು ಬಂದು ನಿಂತು, ನನ್ನ ಸೀರೆಯ ಉಡಿಗೆ ನೋಡಿ, "ಯಾವೂರ್ರಿ ಆಯಿ?" ಎಂದಳು.

"ಸೇಡಂ. ಬಸ್ ಸ್ಟ್ಯಾಂಡ್ ಹಿಂದ. ನೀ?"

"ತಾಂಡೂರ್ರಿ."

"ಅಯ್ಯ, ಹಂಗಾದ್ರ ನಮ್ಮಾಕಿನೇ ಆದಿ."

ಆಮೇಲೆ ಅವಳು ಕೇಳುವ ಮೊದಲೇ ನಾನು ಎದ್ದೆ. ನಮ್ಮ ಕಡೆ ಬಸ್ಸಿನಲ್ಲಾಗಲಿ ರೈಲಿನಲ್ಲಾಗಲಿ ಗಂಡ ಹೆಂಡಿರನ್ನು ಬೇರೆ ಬೇರೆ ಕೂಡಿಸಿ ನಡುವೆ ನಾವು ಕೂಡುವುದಿಲ್ಲ. ಎದ್ದು ಜಾಗ ಬಿಡುತ್ತೇವೆ. ಅದನ್ನು ಯಾರಿಗಾದರೂ ಹೇಳಬೇಕು, ಬರೆಸಬೇಕು ಎಂದು ಯಾರಿಗೆ ಹೊಳೆಯುತ್ತದೆ? ಅವಳ ಸೀಟಿಗೆ ಹೋಗಿ ಕೂತೆ. ನನ್ನ ಪಕ್ಕದ ಸೀಟು ಖಾಲಿ ಇತ್ತು.

ಅರ್ಧ ದಾರಿಯಲ್ಲಿ ವಿಮಾನ ಹಳ್ಳಿ ರಸ್ತೆಯ ಟಂಟಂ ಗಾಡಿಯಂತೆ ಕುಣಿಯತೊಡಗಿತು. ಎಲ್ಲರೂ ಬೆಲ್ಟು ಕಟ್ಟಿಕೊಂಡು ಕೂಡಿರಿ ಎಂದು ಕೂಗಿ ಹೇಳಿದರು. ಮೇಲೆ ಏನೋ ಕಟ್ಟೆಂದಿತು. ನನಗೆ ನೋವಾಗಲಿಲ್ಲ. ಒಳ್ಳಿನೊಳಗೆ ಒನಕೆ ಬಿದ್ದಾಗ ಬರುತ್ತದಲ್ಲ, ಅಂಥ ಸದ್ದು ತಲೆಯ ಒಳಗಿನಿಂದ ಬಂತು. ಆಚೆ ಸಾಲಿನ ಒಬ್ಬ ಗಂಡಸು ನನ್ನ ತೊಡೆಯ ಮೇಲಿದ್ದ ಪೆಟ್ಟಿಗೆಯನ್ನು ಎಳೆದು ಕೆಳಗಿಟ್ಟ. ಆಮೇಲೆ ಎಲ್ಲ ಬೆಳ್ಳಗೆ ಆಯಿತು.

ಆ ಬಿಳುಪಿನಲ್ಲಿ ಒಬ್ಬಳು ಬಂದಳು. ವಿಮಾನದ ಹುಡುಗಿಯರ ನೀಲಿ ಬಟ್ಟೆಯೇ. ಖಾಲಿ ಸೀಟಿನಲ್ಲಿ ಕೂತು, ತಣ್ಣಗೆ ಕೊರೆಯುವ ಬರ್ಫದ ಗಡ್ಡೆ ಕಟ್ಟಿದ ಬಟ್ಟೆಯನ್ನು ನನ್ನ ತಲೆಗೆ ಒತ್ತಿ ಹಿಡಿದಳು. ಅವಳ ಕೈಗೆ ಫರಸಿ ಕಲ್ಲಿನ ಧೂಳಿನ ವಾಸನೆ ಇತ್ತು. ಶಹಾಬಾದಿನಲ್ಲಿ ಹುಟ್ಟಿದವಳಿಗೆ ಆ ವಾಸನೆ ಯಾರೂ ಹೇಳಿಕೊಡಬೇಕಿಲ್ಲ. ಹಾಸುಗಲ್ಲು ಸೀಳುವಾಗ ಏಳುವ ವಾಸನೆ ಅದು. "ಮಲ್ಕೋಬ್ಯಾಡ್ರಿ, ಸೇಡಂ ಬಂತು" ಎಂದಳು. ಆಕಾಶದಲ್ಲಿ ಸೇಡಂ ಎಲ್ಲಿಂದ ಬಂತವ್ವ ಎಂದು ಕೇಳಿದೆ. "ಬಂತು, ಕಣ್ ತೆರಕೊಂಡಿರ್ರಿ" ಎಂದಳು. ಕಣ್ಣು ಮುಚ್ಚಿದಾಗಲೆಲ್ಲ ಅದೇ ಮಾತು. ಇಳಿಯುವವರೆಗೆ ಅವಳು ನನ್ನನ್ನು ಮಲಗಗೊಡಲಿಲ್ಲ.

ವಿಮಾನ ನಿಂತ ಮೇಲೆ ಆ ತಾಂಡೂರಿನವಳ ಗಂಡ ಬಂದು ಕೆಳಗಿದ್ದ ಪೆಟ್ಟಿಗೆ ಎತ್ತಿಕೊಂಡು ಮುಂದೆ ಹೋದ. ಕಂಪನಿಯ ಹುಡುಗನೊಬ್ಬ ಸೀಟಿನ ನಂಬರು ನೋಡಿಕೊಂಡು, "ಠೀಕ್ ಹೋ?" ಎಂದ. ನಾವು ಕೈ ಮುರಿದುಕೊಂಡು ಬಿದ್ದಾಗಲೂ ಯಾರಾದರೂ ಕೇಳಿದರೆ ಹೇಳುವುದೊಂದೇ ಮಾತು. "ಠೀಕ್ ಹೈ" ಎಂದೆ. ಹೊರಗೆ ಶರಣಪ್ಪ ಗಾಡಿ ತಂದಿದ್ದ. "ತಲಿಗಿ ಜರಾ ಹತ್ಯದಪ್ಪ" ಎಂದೆ, ಪೆಟ್ಟು ತಗಲಿದ್ದನ್ನು ಹೇಳಲು. "ಎಲ್ಲರಿಗೂ ಮೊದಲ್ನೇ ಸಲ ತಲಿ ತಿರಗತದವ್ವ" ಎಂದು ಅವನು ಗಾಡಿ ಬಿಟ್ಟ. ಅಲ್ಲಿಗೆ ಆ ಮಾತು ಮುಗಿಯಿತು.

ಕೆಲವು ವಾರ ಏನೂ ಇಲ್ಲ. ಆಮೇಲೆ ಎಡಗಾಲಿನ ಚಪ್ಪಲಿ ನನಗೆ ತಿಳಿಯದೆ ಹಿಂದೆ ಉಳಿಯತೊಡಗಿತು. ರೊಟ್ಟಿ ಬಡಿದರೆ ಒಂದು ಕಡೆ ದಪ್ಪ, ಒಂದು ಕಡೆ ತೆಳು. ಸೊಸೆ ಶಿವಲೀಲಾ ಶಾಲೆಯ ಟೀಚರು, ನಾಲಿಗೆ ಚುರುಕು. "ಅತ್ತಿ, ಇದು ರೊಟ್ಟಿನೋ ಕರ್ನಾಟಕದ ನಕಾಶೆನೋ?" ಎಂದಳು. "ತಿಂದು ನೋಡು, ಬೀದರ್ ಎಲ್ಲಿ ಬರ್ತದ ಗೊತ್ತಾಗ್ತದ" ಎಂದೆ. ಅಲ್ಲಿಯವರೆಗೆ ನಗುವ ಮಾತು.

ನನಗೆ ಬುದ್ಧಿ ಬಂದಾಗಿನಿಂದ ದಿನಾ ಮುಂಜಾನೆ ಸ್ನಾನ ಮಾಡಿ ಎಡ ಅಂಗೈಯಲ್ಲಿ ಲಿಂಗ ಹಿಡಿದು ಕೂಡುತ್ತೇನೆ. ಅಂಗೈ ಎದೆಯ ಮಟ್ಟಕ್ಕಿರಬೇಕು. ಮೊದಲು ದಿಟ್ಟಿಸಿ ನೋಡಿ ಆಮೇಲೆ ಕಣ್ಣು ಮುಚ್ಚುತ್ತೇನೆ. ಒಂದು ಮುಂಜಾನೆ ಕಣ್ಣು ತೆರೆದರೆ ಎದುರಿಗೆ ಲಿಂಗವಿಲ್ಲ. ಕೆಳಗೆ ನೋಡಿದೆ. ಕೈ ಮೊಳಕಾಲಿನ ಹತ್ತಿರ ಇಳಿದಿತ್ತು. ಇಳಿದದ್ದು ನನಗೆ ತಿಳಿದಿರಲಿಲ್ಲ. ಕೈ ಇನ್ನೂ ಎದೆಯ ಮಟ್ಟದಲ್ಲೇ ಇದೆ ಎಂದು ಮೈ ಹೇಳುತ್ತಿತ್ತು, ಕಣ್ಣು ಬೇರೆ ಹೇಳುತ್ತಿತ್ತು. ಮತ್ತೆ ಎತ್ತಿ ಹಿಡಿದು ಕಣ್ಣು ಮುಚ್ಚಿದೆ. ತೆರೆದಾಗ ಮತ್ತೆ ಕೆಳಗೆ. ಯಾರೋ ಮೇಲಿನಿಂದ ಒಂದು ಬೆರಳಿಟ್ಟು, ಸದ್ದಾಗದಂತೆ ಒತ್ತುತ್ತಿದ್ದಂತಿತ್ತು.

ತೆಂಗಳಿಯಿಂದ ನನ್ನ ಗಂಡನ ಅಕ್ಕ ನೀಲಮ್ಮ ಬಂದಿದ್ದಳು. ಎಂಬತ್ತು ದಾಟಿದವಳು, ಕಣ್ಣು ಮಾತ್ರ ಹದ್ದಿನದು. ಅವಳು ಬಾಗಿಲಲ್ಲಿ ನಿಂತು ನನ್ನ ಕೈ ಇಳಿಯುವುದನ್ನು ನೋಡಿದಳು. ನಾನು ಕಣ್ಣು ತೆರೆಯುವವರೆಗೆ ಸುಮ್ಮನಿದ್ದು, ಸೆರಗು ತಲೆಯ ಮೇಲೆ ಹೊದ್ದು ನನ್ನ ಕಾಲಿಗೆ ಬಿದ್ದಳು. ನನಗಿಂತ ಹಿರಿಯಳು.

"ಏನ್ ಮಾಡ್ಲಿಕತ್ತೀ ಯಕ್ಕಾ? ತಲಿ ಕೆಟ್ಟದೇನ್?"

"ಮಾದೇವಿ, ಲಿಂಗ ಭಾರ ಆಗ್ಯದ. ನಮ್ಮವ್ವಗ ಹಿಂಗೇ ಆಗಿತ್ತು. ಕೈ ತಾನೇ ಇಳೀಲಿಕತ್ತಿತ್ತು. ಹುಣ್ಣಿವಿ ದಾಟಲಿಲ್ಲ, ಲಿಂಗೈಕ್ಯ ಆದ್ಲು. ನಿನಗ ಶಿವನ ಕರಿ ಬಂದದ."

ಶಾಸ್ತ್ರದಲ್ಲಿ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ನೀಲಮ್ಮನ ಬಾಯಿಂದ ಬಂದರೆ ನಮ್ಮ ಓಣಿಯಲ್ಲಿ ಅದೇ ಶಾಸ್ತ್ರ. ಮರುದಿನದಿಂದ ಹೆಂಗಸರು ಬರತೊಡಗಿದರು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಬಂದು, ನನ್ನ ಕಾಲು ಮುಟ್ಟಿ, ತೆಂಗಿನಕಾಯಿ ಇಟ್ಟು, ಗೋಡೆಗೊರಗಿ ಕೂತು ನನ್ನ ಎಡಗೈ ನೋಡುತ್ತಿದ್ದರು. ನನ್ನ ಜೊತೆ ನಲ್ಲಿಯ ಹತ್ತಿರ ಕೊಡಕ್ಕಾಗಿ ಜಗಳಾಡಿದವಳು ಕೂಡ ಬಂದು ಕೈ ಮುಗಿದಳು. ಬದುಕಿರುವಾಗಲೇ ನನ್ನ ಕೊನೆಯ ದರ್ಶನಕ್ಕೆ ಬಂದವರನ್ನು ನಾನು ಎದುರಿಗೆ ಕೂತು ನೋಡಿದೆ. ಶಿವಲೀಲಾ ಅಡುಗೆಮನೆಯಲ್ಲಿ ಚಹಾದ ಪಾತ್ರೆ ಕುಕ್ಕುತ್ತಿದ್ದಳು. "ಇವರಿಗೆಲ್ಲ ಚಾ ಕಾಸಿ ಕಾಸಿ ನಾನೇ ಮೊದ್ಲ ಲಿಂಗೈಕ್ಯ ಆಗ್ತೀನಿ" ಎಂಬ ಮಾತು ನಡುಮನೆಗೆ ಕೇಳಿಸುವಷ್ಟು ಜೋರಾಗಿತ್ತು.

ಸುಳ್ಳೇಕೆ ಹೇಳಲಿ, ನಾನೂ ನಂಬಿದೆ. ಹೆದರಿಕೆ ಆಗಲಿಲ್ಲ; ಊರಿಗೆ ಹೋಗುವ ಹಿಂದಿನ ದಿನದ ಹಾಗೆ ಇತ್ತು. ಶರಣಪ್ಪನನ್ನು ಹೊಲಕ್ಕೆ ಕರೆದುಕೊಂಡು ಹೋಗಿ, ನನ್ನನ್ನು ಎಲ್ಲಿ ಕೂಡಿಸಿ ಮಣ್ಣು ಮಾಡಬೇಕು ಎಂದು ತೋರಿಸಿದೆ. "ಇಲ್ಲಿ ಬ್ಯಾಡ, ಮಳೀ ನೀರು ನಿಲ್ತದ. ಆ ಬದುವಿನ ಕಡೆ." ಅವನು ಬೆನ್ನು ತಿರುಗಿಸಿ ನಿಂತ. ಬರುವಾಗ ನೋಡಿದರೆ ನಮ್ಮ ಅಂಗಳದಲ್ಲಿ, ಸುಡು ಬಿಸಿಲಿನಲ್ಲಿ, ನಮ್ಮತ್ತೆ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು. ಸತ್ತು ಎಷ್ಟೋ ವರ್ಷ ಆದವಳು. ಮೊರ ಆಡುತ್ತಿತ್ತು, ಸದ್ದು ಬರುತ್ತಿರಲಿಲ್ಲ. ನಾನು ಅವಳನ್ನು ಬಳಸಿಕೊಂಡು ಒಳಗೆ ಹೋದೆ. ಯಾರಿಗೂ ಹೇಳಲಿಲ್ಲ.

ಮುಂದಿನ ಸೋಮವಾರ ನಡುಮನೆ ತುಂಬ ಹೆಂಗಸರು ಇರುವಾಗ, ಲಿಂಗ ನನ್ನ ಅಂಗೈಯಿಂದ ಜಾರಿ ನೆಲಕ್ಕೆ ಬಿತ್ತು. ಫರಸಿಯ ಮೇಲೆ ಉರುಳಿ ಮಂಚದ ಕೆಳಗೆ ಹೋಯಿತು. ಲಿಂಗ ಬಿದ್ದರೆ ಪ್ರಾಣವೇ ಬಿದ್ದಂತೆ ಎಂದು ನಮ್ಮವರಿಗೆ ಬಿಡಿಸಿ ಹೇಳಬೇಕಿಲ್ಲ. ನೀಲಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ನಾನು ಎತ್ತಿಕೊಳ್ಳಲು ಎಡಗೈ ಚಾಚಿದೆ. ಕೈ ಹೋಗಲಿಲ್ಲ. ಅದು ನನ್ನ ತೊಡೆಯ ಮೇಲೆ ಬೇರೆ ಯಾರದೋ ಕೈಯಂತೆ ಅಂಗಾತ ಬಿದ್ದಿತ್ತು.

ಶಿವಲೀಲಾ ಬಂದು ಮಂಚದ ಕೆಳಗೆ ಹೊಕ್ಕು, ಲಿಂಗ ತೆಗೆದು, ಒರೆಸಿ, ನನ್ನ ಕೊರಳಿಗೆ ಕಟ್ಟಿದಳು. "ಲಿಂಗ ಬಿದ್ರ ಎತ್ತಿ ಕಟ್ಟಬಹುದು. ಅತ್ತಿ ಬಿದ್ರ ಯಾರ್ ಎತ್ತಾವ್ರು? ಏಳ್ರಿ ಎಲ್ಲಾರೂ. ಗಾಡಿ ತರಸ್ತೀನಿ" ಎಂದಳು. ನೀಲಮ್ಮ, "ಕರಿ ಬಂದಾಕಿನ್ನ ದವಾಖಾನಿಗಿ ಒಯ್ತೀ?" ಎಂದು ಎದ್ದು ನಿಂತಳು. "ಒಯ್ತೀನಿ. ಶಿವ ಕರದಿದ್ರ ಅಲ್ಲಿಗೇ ಬರ್ಲಿ, ಅವಗೇನ್ ದಾರಿ ಗೊತ್ತಿಲ್ಲೇನ್?" ಎಂದಳು ಸೊಸೆ. ಅವಳಿಗೆ ನಾನು ಆ ಒಂದು ಮಾತಿಗೆ ಋಣಿ. ಎದುರಿಗೆ ಹೇಳಿಲ್ಲ, ಇಲ್ಲಿ ಓದಿಕೊಳ್ಳಲಿ.

ಕಲಬುರಗಿಯ ದವಾಖಾನೆಯಲ್ಲಿ ಹೊತ್ತು ಮುಳುಗುವವರೆಗೆ ಕಾದೆವು. ಕುರ್ಚಿಗಳ ಸಾಲಿನಲ್ಲಿ ಕೂತವರೆಲ್ಲ ಒಂದೇ ಕಡೆ ಮುಖ ಮಾಡಿದ್ದರು. ನನಗೆ ಅದು ವಿಮಾನದಂತೆಯೇ ಕಂಡಿತು. ಒಳಗೆ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ನನ್ನನ್ನು ಕೂಡಿಸಿ, "ಅವ್ವಾ, ಎರಡೂ ಅಂಗೈ ಮ್ಯಾಲ್ ಮಾಡಿ ಮುಂದ ಹಿಡೀರಿ. ಈಗ ಕಣ್ ಮುಚ್ರಿ" ಎಂದಳು. ನನಗೆ ನಗು ಬಂತು. ಬುದ್ಧಿ ಬಂದಾಗಿನಿಂದ ಮಾಡುತ್ತಿರುವುದನ್ನೇ ಇವಳು ಪರೀಕ್ಷೆ ಎಂದು ಮಾಡಿಸುತ್ತಿದ್ದಾಳೆ. ಕಣ್ಣು ತೆರೆದಾಗ ಎಡಗೈ ಕೆಳಗಿಳಿದು ಒಳಕ್ಕೆ ಹೊರಳಿತ್ತು. ಡಾಕ್ಟರು ನಗಲಿಲ್ಲ.

"ತಲಿಗಿ ಪೆಟ್ಟು ಬಿದ್ದಿತ್ತೇನ್ರಿ? ತಿಂಗಳ ಹಿಂದ, ಎರಡ್ ತಿಂಗಳ ಹಿಂದ?"

"ಇಲ್ರಿ" ಎಂದ ಶರಣಪ್ಪ. "ಇಲ್ಲ ಮೇಡಂ" ಎಂದಳು ಶಿವಲೀಲಾ.

"ಬಿದ್ದದ" ಎಂದೆ ನಾನು. "ಇಮಾನದಾಗ."

ಇಬ್ಬರೂ ನನ್ನ ಕಡೆ ತಿರುಗಿದರು. ತಲೆಯ ಫೋಟೋ ತೆಗೆದರು. ಮಿದುಳಿನ ಮೇಲೆ ರಕ್ತ ಹೆಪ್ಪುಗಟ್ಟಿ ನಿಂತಿತ್ತು, ಅಂದಿನಿಂದ ಹನಿ ಹನಿಯಾಗಿ. ಅದೇ ಆ ಬೆರಳು. ತೂತು ಕೊರೆದು ತೆಗೆಯಬೇಕೆಂದರು. ಕೂದಲು ಬೋಳಿಸಲು ಬಂದ ಮನುಷ್ಯ ವಯಸ್ಸಾದವನು. ಕತ್ತಿ ಕೈಯಲ್ಲಿ ಹಿಡಿದು ನಿಂತು, "ಅವ್ವಾ, ತಲಿ ಮುಟ್ಟಲೇನ್ರಿ?" ಎಂದು ಕೇಳಿದ. ಆ ಆಸ್ಪತ್ರೆಯಲ್ಲಿ ನನ್ನನ್ನು ಮುಟ್ಟುವ ಮೊದಲು ಕೇಳಿದವನು ಅವನೊಬ್ಬನೇ.

ಆಪರೇಷನ್ ಆದ ಮೇಲೆ ಕೆಲವು ದಿನ ನಾನು ನಾನಾಗಿರಲಿಲ್ಲ. ವಾರ್ಡೆಲ್ಲ ಗುಂಯ್‌ಗುಟ್ಟುತ್ತ ಹಾರುತ್ತಿತ್ತು. ನರ್ಸುಗಳಿಗೆ, ಪಕ್ಕದ ರೋಗಿಗಳಿಗೆ, ನೋಡಲು ಬಂದವರಿಗೆ, "ಬೆಲ್ಟ್ ಕಟ್ಕೋರಿ, ಬೆಲ್ಟ್ ಕಟ್ಕೋರಿ" ಎನ್ನುತ್ತಿದ್ದೆನಂತೆ. ಅತ್ತೆ ಕಾಲ ಬಳಿ ಕೂತು ಮೊರ ಆಡಿಸುತ್ತಿದ್ದಳು. ಚಿಂಚೋಳಿಯ ಹೆಂಗಸಿನ ಜೊತೆ ಮಾತಾಡಿದ ಮೇಲೆ ಅವಳು ಬರುವುದು ಕಡಿಮೆಯಾಯಿತು. ಕೈ ಎದ್ದಿತು. ಮನೆಗೆ ಬಂದೆ.

ತಲೆಯೊಳಗಿನ ಕೆಟ್ಟ ರಕ್ತದ ಜೊತೆ ನನ್ನ ಮಾತಿನ ಬೆಲೆಯನ್ನೂ ತೆಗೆದುಬಿಟ್ಟಿದ್ದರು ಎಂದು ಮನೆಗೆ ಬಂದ ಮೇಲೆ ಗೊತ್ತಾಯಿತು. ಮಜ್ಜಿಗೆ ಹುಳಿ ಆಗಿದೆ ಎಂದರೆ ಯಾರಾದರೊಬ್ಬರು ಬೆರಳದ್ದಿ ನೆಕ್ಕಿ ನೋಡುತ್ತಿದ್ದರು. ಬಾಗಿಲಲ್ಲಿ ಯಾರೋ ನಿಂತಿದ್ದಾರೆ ಎಂದರೆ ಮೊದಲು ಒಬ್ಬರ ಮುಖ ಒಬ್ಬರು ನೋಡಿ ಆಮೇಲೆ ಬಾಗಿಲು ನೋಡುತ್ತಿದ್ದರು. ನಲವತ್ತು ವರ್ಷ ನಾನು ನಡೆಸಿದ ಮನೆ. ವಿಮಾನದವರು "ಹೌದು, ನಮ್ಮಲ್ಲಿ ಪೆಟ್ಟಾಗಿದೆ" ಎಂದು ಒಂದು ಮಾತು ಅಂದರೆ ಸಾಕು, ನನ್ನ ತಲೆ ನನ್ನದೇ ಎಂದು ಇವರಿಗೆ ತಿಳಿಯುತ್ತದೆ ಎಂದುಕೊಂಡೆ. ದುಡ್ಡಿನ ವಿಚಾರ ಮಗನದು. ನನಗೆ ಬೇಕಾದದ್ದು ಆ ಮಾತು.

ಶಿವಲೀಲಾ ಫೋನು ಹಚ್ಚಿದಳು, ಎಲ್ಲರಿಗೂ ಕೇಳಿಸುವ ಹಾಗೆ. ಮೊದಲು ಒಬ್ಬ ಹೆಂಗಸಿನ ಧ್ವನಿ. ಅದು ಮನುಷ್ಯರದಲ್ಲ, ಯಂತ್ರದ್ದು ಎಂದಳು. ಎಷ್ಟು ಸಲ ಹಚ್ಚಿದರೂ ಆ ಧ್ವನಿ ಅಷ್ಟೇ ಸಂತೋಷದಲ್ಲಿ ಇರುತ್ತಿತ್ತು. ಆಮೇಲೆ ಸಂಗೀತ. ಆಮೇಲೆ ಒಬ್ಬ ಹುಡುಗ, ಬೆಂಗಳೂರು ಕಡೆಯ ಕನ್ನಡದವನು. ನನ್ನ ಹೆಸರು, ದಿನ, ಎಲ್ಲ ಕೇಳಿಕೊಂಡು, "ಪ್ರಯಾಣಿಕರು ಬದುಕಿದ್ದಾರಾ ಮೇಡಂ?" ಎಂದ.

"ಇಲ್ಲೇ ಕುಂತಾರ್ರಿ. ಮಾತಾಡ್ತೀರೇನ್?"

"ಬೇಡ ಮೇಡಂ. ಸಿಸ್ಟಮ್ ಕೇಳುತ್ತೆ, ಅದಕ್ಕೆ ಕೇಳಿದೆ."

ಕೆಲವು ದಿನ ಬಿಟ್ಟು ಅವರೇ ಫೋನು ಮಾಡಿದರು. ಮಹಾದೇವಿ ಎಂಬುವರ ಸೀಟಿನ ಮೇಲೆ ಆ ದಿನ ಏನೂ ಬಿದ್ದಿಲ್ಲ. ಒಂದು ಸಾಲು ಮುಂದಿನ ಸೀಟಿನಲ್ಲಿ ಒಂದು ಸಣ್ಣ ಘಟನೆ ಆಗಿದೆ, ಅದು ಬೇರೆ ಪ್ರಯಾಣಿಕರದು. "ಆ ಸೀಟಿನಲ್ಲಿ ಕೂತವರು ಕ್ಷೇಮವಾಗಿದ್ದಾರೆ ಮೇಡಂ. ನಾವು ಫೋನ್ ಮಾಡಿ ವಿಚಾರಿಸಿದ್ದೇವೆ. ತಲೆನೋವು ಕೂಡ ಇಲ್ಲ ಅಂದರು."

"ಆ ಸೀಟ್ನಾಗ ಕುಂತಾಕಿ ನಾನು!" ಎಂದು ಕೂಗಿದೆ. ಸೀಟು ಬದಲಿಸಿದ್ದು ಅವರಲ್ಲಿ ಬರೆದಿಲ್ಲವಂತೆ. ಆ ನೀಲಿ ಬಟ್ಟೆಯವಳನ್ನು ಕೇಳಿರಿ, ಬರ್ಫ ಹಿಡಿದಾಕೆ, ಕನ್ನಡದವಳು ಎಂದೆ. ಶಿವಲೀಲಾ ಹೇಳಿದಳು. ಹುಡುಗ ಕಂಪ್ಯೂಟರಿನಲ್ಲಿ ಹುಡುಕಿ ನೋಡಿದ. ಆ ವಿಮಾನದ ಸಿಬ್ಬಂದಿಯಲ್ಲಿ ಕನ್ನಡ ಬರುವವರು ಯಾರೂ ಇರಲಿಲ್ಲ, ಬರ್ಫ ಕೊಟ್ಟದ್ದೂ ಎಲ್ಲೂ ಇಲ್ಲ ಎಂದ.

ಫೋನು ಇಟ್ಟ ಮೇಲೆ ಶರಣಪ್ಪ ನನ್ನ ಹತ್ತಿರ ಕೂತ. "ಅವ್ವಾ, ಬಿಡವ್ವ. ದವಾಖಾನ್ಯಾಗ ಎಲ್ಲರಿಗೂ ಬೆಲ್ಟ್ ಕಟ್ಕೋ ಅಂದಾಕಿನೂ ನೀನೇ ಅಲಾ?" ಎಂದ. ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ಮೆತ್ತಗೆ ಅಂದ.

ಆ ದಿನಗಳು ಕೆಟ್ಟವು. ಕಂಪನಿಯ ಕಾಗದದಲ್ಲಿ ನನ್ನ ಪೆಟ್ಟು ಹೊತ್ತುಕೊಂಡು ಎಲ್ಲೋ ಒಬ್ಬಳು ಕ್ಷೇಮವಾಗಿ ತಿರುಗಾಡುತ್ತಿದ್ದಾಳೆ. ಅವಳ ಸೀಟಿನ ತೂತನ್ನು ತಲೆಯಲ್ಲಿ ಹೊತ್ತುಕೊಂಡು ನಾನು ಇಲ್ಲಿ ಕೂತಿದ್ದೇನೆ. ನಮ್ಮಿಬ್ಬರಲ್ಲಿ ನಿಜವಾಗಿ ಇರುವವಳು ಯಾರು? ಮಗಳಿಗೆ ಫೋನು ಮಾಡಿ, "ನಾ ನಿನ್ನ ಬಾಣಂತನಕ್ಕ ಬಂದಿದ್ದೆ ಹೌದಿಲ್ಲೋ?" ಎಂದು ಕೇಳಿದೆ. ಅವಳು ಅತ್ತಳು. ಆ ಅಳು ಕಿವಿಗೆ ಬಿದ್ದ ಮೇಲೆ, ಕೇಳಬಾರದಿತ್ತು ಎಂದು ತಿಳಿಯಿತು, ಉತ್ತರ ಮಾತ್ರ ಸಿಗಲಿಲ್ಲ.

ಒಂದು ರವಿವಾರ ಸುಡು ಮಧ್ಯಾಹ್ನ ಬಾಗಿಲಲ್ಲಿ ತಲೆ ತುಂಬ ಸೆರಗು ಹೊದ್ದ ಒಬ್ಬಳು ನಿಂತಿದ್ದಳು. ನಾನು ಯಾರಿಗೂ ಹೇಳಲಿಲ್ಲ. ಇದ್ದರೆ ಇರಲಿ, ಇಲ್ಲದಿದ್ದರೆ ಹೋಗುತ್ತಾಳೆ ಎಂದು ಸುಮ್ಮನೆ ನೋಡಿದೆ. ಒಳಗಿನಿಂದ ಶಿವಲೀಲಾ ಬಂದು, "ಯಾರ್ ಬೇಕ್ರಿ?" ಎಂದಳು. ಆಗ ನಾನು ಎದ್ದು ನಿಂತೆ. ಸೊಸೆಗೂ ಕಾಣುತ್ತಿದ್ದಾಳೆ.

"ನಾ ತಾಂಡೂರಾಕಿ ಆಯಿ. ಇಮಾನದಾಗ ಬಂದ ಆಯಿ ಮನಿ ಯಾವ್ದಂತ ಬಸ್ ಸ್ಟ್ಯಾಂಡ್ನಾಗ ಕೇಳ್ದೆ. ಲಿಂಗ ಭಾರ ಆದ ಆಯಿ ಮನಿ ಅಂತ ಪಾನ್ ಅಂಗಡ್ಯಾವ್ರು ಇಲ್ಲೀತನಕ ಬಿಟ್ಟು ಹೋದ್ರು."

ಅವಳು ಕೂತಳು, ನೀರು ಕುಡಿದಳು, ನನ್ನ ತಲೆಯ ಗಾಯದ ಗುರುತು ನೋಡಿ ಕಣ್ಣು ಕೆಳಗೆ ಹಾಕಿದಳು. ವಿಮಾನದವರು ಅವಳಿಗೆ ಮೇಲಿಂದ ಮೇಲೆ ಫೋನು ಮಾಡಿ, ನಿಮ್ಮ ತಲೆ ಹೇಗಿದೆ, ನಿಮ್ಮ ತಲೆ ಹೇಗಿದೆ ಎಂದು ಕೇಳುತ್ತಿದ್ದರಂತೆ. ಮೊದಲು ನಕ್ಕಳಂತೆ. ಆಮೇಲೆ ಮಲಗಿದರೆ ತಲೆಯಲ್ಲಿ ಏನೋ ಸದ್ದು. ಸೇಡಂನ ಒಬ್ಬರು ದೂರು ಕೊಟ್ಟಿದ್ದಾರೆ ಎಂಬ ಮಾತು ಅವರ ಬಾಯಿಂದ ಬಂದ ಮೇಲೆ ತಡೆಯಲಾಗಲಿಲ್ಲವಂತೆ.

"ಪೆಟಗಿ ನಮ್ದೇ ಆಯಿ. ಮೊದಲೇ ನನ್ನ ಸೀಟಿನ ಮ್ಯಾಲೇ ಇಟ್ಟಿದ್ವಿ. ಅದರಾಗ ಮಿಕ್ಸಿ ಇತ್ತು."

"ಮಿಕ್ಸಿ ಒಡೀತೇನ್?"

"ಇಲ್ರಿ. ನಡೀಲಿಕತ್ತದ."

ಶಿವಲೀಲಾ ಬಾಯಿಗೆ ಕೈ ಹಿಡಿದು ಅಡುಗೆಮನೆಗೆ ಓಡಿದಳು. ನಕ್ಕಳೋ ಅತ್ತಳೋ ತಿಳಿಯಲಿಲ್ಲ. ನಾನು ಶರಣಪ್ಪನನ್ನು ಕೂಗಿದೆ. "ನನ್ನ ಮುಂದ ಅಂದಿದ್ದು ನನ್ನ ಮಗನ ಮುಂದ ಅನ್ನವ್ವ" ಎಂದೆ. ಅವಳು ಮೊದಲಿನಿಂದ ಅಂದಳು: ಸೀಟು ಬಿಟ್ಟದ್ದು, ಪೆಟ್ಟಿಗೆ ಬಿದ್ದದ್ದು, ಅವಳು ಏಳ ಹೋದಾಗ ಗಂಡ ಕೈ ಹಿಡಿದು ಕೂಡಿಸಿದ್ದು. ಶರಣಪ್ಪ ನಿಂತೇ ಕೇಳಿದ. ಮುಗಿದ ಮೇಲೆ ಬಂದು ನನ್ನ ಕಾಲ ಬಳಿ ನೆಲದ ಮೇಲೆ ಕೂತ.

"ಕಂಪನಿಯವ್ರ ಮುಂದನೂ ಅಂತೀಯೇನ್?" ಎಂದೆ.

"ಅಂತೀನಿ ಆಯಿ. ನಮ್ಮವ್ರು ಡ್ಯೂಟಿಗಿ ಹೋದಾಗ ಫೋನ್ ಮಾಡ್ಲಿ."

ನನ್ನ ತಲೆ ನನಗೆ ಮರಳಿ ಸಿಕ್ಕಿತ್ತು. ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ಬಿಡಲಿಲ್ಲ. "ನನ್ನ ಬಾಜು ಕುಂತು ಬರ್ಫ ಹಿಡ್ದಾಕಿ, ಆ ನೀಲಿ ಬಟ್ಟಿ ಹುಡಿಗಿ, ಆಕಿ ಹೆಸರೇನರ ಗೊತ್ತದೇನ್?" ಎಂದೆ.

"ಯಾವ ಹುಡಿಗಿ?"

"ನನ್ನ ಬಾಜು, ಖಾಲಿ ಸೀಟ್ನಾಗ."

ಅವಳು ಶಿವಲೀಲಾಳನ್ನು ನೋಡಿದಳು, ನನ್ನನ್ನು ನೋಡಿದಳು. "ಆ ಸೀಟು ಇಳಿಯೋತನ ಖಾಲಿನೇ ಇತ್ತು ಆಯಿ. ಆ ಹುಡಿಗೇರೂ ಬೆಲ್ಟ್ ಕಟ್ಕೊಂಡು ಕುಂತಿದ್ರು, ಯಾರೂ ಏಳ್ಲಿಲ್ಲ. ನಾ ಹಿಂದಿಂದ ನಿಮ್ಮನ್ನೇ ನೋಡ್ಲಿಕತ್ತಿದ್ದೆ. ನಿಮ್ಮ ಕೈ ನೀವೇ ತಲಿ ಮ್ಯಾಲ ಒತ್ಕೊಂಡು ಕುಂತಿದ್ರಿ." ಮತ್ತೆ ಹೇಳಿದಳು: "ಮಾತಾಡ್ಲಿಕತ್ತಿದ್ರಿ. ಒಂದ್ ಧ್ವನಿ ನಿಮ್ದು. ಇನ್ನೊಂದೂ ನಿಮ್ದೇ, ಖರೇ, ಭಾಳ ಸಣ್ ಹುಡಿಗಿ ಧ್ವನಿ ತೆಗದಂಗ. ಅದಕ್ಕೇ ನನಗ ಅಂಜಿಕಿ ಆಗಿ ಬರ್ಲಿಲ್ಲ."

ಅವಳು ಸಂಜೆಯ ರೈಲಿಗೆ ಹೋದಳು. ಡಾಕ್ಟರನ್ನು ಕೇಳಿದರೆ ತಲೆಗೆ ಪೆಟ್ಟಾದಾಗ ಹಾಗಾಗುತ್ತದೆ ಎನ್ನುತ್ತಾರೆ. ನಾನು ಕೇಳಲು ಹೋಗಿಲ್ಲ. ಅವಳು ಯಾರು ಎಂದು ನನಗೆ ಗೊತ್ತಿಲ್ಲ. ಅವಳಿಲ್ಲದಿದ್ದರೆ ನಾನು ಅಲ್ಲಿಯೇ ಕಣ್ಣು ಮುಚ್ಚುತ್ತಿದ್ದೆ ಎಂಬುದು ಮಾತ್ರ ಗೊತ್ತು.

ಮರುದಿನ ಮುಂಜಾನೆ ಶಿವಲೀಲಾಳ ಫೋನು ಕೇಳಿದೆ. ಹಚ್ಚಿಕೊಟ್ಟಳು. ಆ ಸಂತೋಷದ ಯಂತ್ರ ಮಾತಾಡಿತು, ಸಂಗೀತ ಬಂತು, ಆಮೇಲೆ ಒಬ್ಬ ಹುಡುಗ. ಈ ಸಲ ನಾನೇ ಮಾತಾಡಿದೆ. ನಾನು ಸೀಟು ಬಿಟ್ಟು ಕೊಟ್ಟೆ. ಪೆಟ್ಟಿಗೆ ಅವರದು. ಬಿದ್ದದ್ದು ನನ್ನ ತಲೆಯ ಮೇಲೆ. ಆ ಸೀಟಿನವಳನ್ನೇ ಮತ್ತೊಮ್ಮೆ ಕೇಳಿರಿ, ಹಗಲು ಹೊತ್ತಿನಲ್ಲಿ ಕೇಳಿರಿ. ಹುಡುಗ ಕಂಪ್ಯೂಟರಿನಲ್ಲಿ ಟಕಟಕ ಬಡಿದು ಬರೆದುಕೊಳ್ಳುತ್ತಿದ್ದ.

"ಅಮ್ಮಾ, ನಿಮ್ಮ ಹಿಂದಿನ ದೂರಿನಲ್ಲಿ, ಪೆಟ್ಟಾದಾಗ ಒಬ್ಬ ಮಹಿಳೆ ಬಂದು ನಿಮ್ಮ ಪಕ್ಕ ಕೂತು ಬರ್ಫ ಹಿಡಿದರು ಅಂತ ಇದೆ. ಅದನ್ನ ಹಾಗೇ ಇಡಲಾ?"

ಶಿವಲೀಲಾ ನನ್ನ ಮುಖ ನೋಡುತ್ತಿದ್ದಳು.

"ತೆಗಿ ಅದನ್ನ" ಎಂದೆ.

"ಹಾಗಾದರೆ ಆಗ ನಿಮ್ಮ ಹತ್ತಿರ ಯಾರು ಬಂದರು ಅಂತ ಬರೀಲಿ?"

"ಯಾರೂ ಬರ್ಲಿಲ್ಲ. ಹಂಗೇ ಬರ್ಕೋ."

ಅವನು ಬರೆದುಕೊಳ್ಳುವ ಸದ್ದು ಮುಗಿಯುವವರೆಗೆ ನಾನು ಫೋನು ಹಿಡಿದೇ ಇದ್ದೆ.